ಮುಚ್ಚಿದ ಅಂಕಣದ ಇಂಟರ್‌ಕಾಮ್: ದೋಷ ತಂತಿಯದೋ, ಪೆಟ್ಟಿಗೆಯದೋ, ಕೋಣೆಯದೋ?

ಸ್ಕ್ವಾಷ್ ಅಂಕಣದಂತೆ ನಾಲ್ಕೂ ಕಡೆ ಗಟ್ಟಿ ಗೋಡೆಯಿದ್ದು ಒಂದೇ ಬಾಗಿಲಿರುವ ಆಟದ ಕೋಣೆಗೆ ಕಡಿಮೆ ಖರ್ಚಿನಲ್ಲಿ ಇಂಟರ್‌ಕಾಮ್ ಕೂಡಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಕೂಡಿಸಿದ ಮೇಲೆ ಮಾತು ಸರಿಯಾಗಿ ಕೇಳದಿದ್ದಾಗ ತಪ್ಪು ಎಲ್ಲಿದೆ ಎಂದು ಹುಡುಕುವುದೇ ಕಷ್ಟ. ಸಾಮಾನ್ಯವಾಗಿ ಮೊದಲು ಮೈಕನ್ನು ಬದಲಿಸುತ್ತಾರೆ, ಆಮೇಲೆ ಆಂಪ್ಲಿಫೈಯರನ್ನು, ಕೊನೆಗೆ ಇಡೀ ಸೆಟ್ಟನ್ನೇ ಬದಲಿಸುತ್ತಾರೆ. ಆದರೂ ದೂರು ಹಾಗೆಯೇ ಉಳಿಯುತ್ತದೆ, ಏಕೆಂದರೆ ಇಂತಹ ಜಾಗಗಳಲ್ಲಿ ಇಂಟರ್‌ಕಾಮ್‌ನ ಮೇಲೆ ಹೊರಿಸುವ ಎಷ್ಟೋ ತಪ್ಪುಗಳು ವಾಸ್ತವದಲ್ಲಿ ಕೋಣೆಯವು. ಆದ್ದರಿಂದ ಬೆಸುಗೆ ಕಡ್ಡಿಯನ್ನು ಕೈಗೆತ್ತಿಕೊಳ್ಳುವ ಮೊದಲು ಉಪಕರಣವನ್ನೂ ಕೋಣೆಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು ಎಂಬುದೇ ಈ ಕೈಪಿಡಿಯ ಮುಖ್ಯ ಮಾತು.

ಇಲ್ಲಿ ಇಟ್ಟುಕೊಂಡಿರುವ ಜೋಡಣೆ ಹೀಗಿದೆ. ಅಂಕಣದ ಒಳಗೆ ಬಾಗಿಲ ಪಕ್ಕದಲ್ಲಿ ಗೋಡೆಯ ಮಟ್ಟಕ್ಕೆ ಹುದುಗಿಸಿದ ಒಂದು ಪೆಟ್ಟಿಗೆ, ಹೊರಗೆ ಕಚೇರಿಯ ಮೇಜಿನ ಮೇಲೆ ಇನ್ನೊಂದು. ಎರಡರಲ್ಲೂ ಒಂದೊಂದು ಎಲೆಕ್ಟ್ರೆಟ್ ಮೈಕ್ (ಗುಂಡಿಯಾಕಾರದ ಅಗ್ಗದ ಸಣ್ಣ ಮೈಕ್), ಒಂದೊಂದು ಎಲ್‌ಎಂ386 ಆಂಪ್ಲಿಫೈಯರ್ ಐಸಿ (ಧ್ವನಿಯನ್ನು ಹಿಗ್ಗಿಸುವ ಎಂಟು ಕಾಲಿನ ಚಿಪ್), 8 ಓಮ್‌ನ ಒಂದೊಂದು ಸ್ಪೀಕರ್ ಮತ್ತು ಒತ್ತಿ ಹಿಡಿದು ಮಾತನಾಡುವ ಒಂದೊಂದು ಗುಂಡಿ ಇವೆ. ಗುಂಡಿಯನ್ನು ಒತ್ತಿದಾಗ ಆ ಕಡೆಯ ಆಂಪ್ಲಿಫೈಯರಿಗೆ ಮಾತ್ರ ವಿದ್ಯುತ್ ಹೋಗುತ್ತದೆ ಮತ್ತು ಅದು ದೂರದ ಸ್ಪೀಕರನ್ನು ನಡೆಸುತ್ತದೆ. ನಡುವೆ ಒಂದು ಲ್ಯಾನ್ ಕೇಬಲ್ ಇದೆ. ಅದರ ನಾಲ್ಕು ಜೋಡಿ ತಂತಿಗಳಲ್ಲಿ ಒಂದು ಜೋಡಿ 9 ವೋಲ್ಟ್ ಸರಬರಾಜಿಗೆ, ಒಂದು ಅಂಕಣದಿಂದ ಕಚೇರಿಗೆ ಬರುವ ಧ್ವನಿಗೆ, ಒಂದು ಕಚೇರಿಯಿಂದ ಅಂಕಣಕ್ಕೆ ಹೋಗುವ ಧ್ವನಿಗೆ, ಉಳಿದದ್ದು ಕರೆಗಂಟೆಗೆ. ಅಡಾಪ್ಟರ್ ಕಚೇರಿಯಲ್ಲಿದೆ. ಅಂಗಡಿಯಿಂದ ತಂದ ಸಿದ್ಧ ಸೆಟ್ ಆಗಿದ್ದರೂ ಒಳಗಿನ ವ್ಯವಸ್ಥೆ ಇದಕ್ಕಿಂತ ಬಹಳ ಬೇರೆ ಇರುವುದಿಲ್ಲ. ಕೆಳಗಿನ ಪರೀಕ್ಷೆಗಳಲ್ಲಿ ಹೆಚ್ಚಿನವು ಅದಕ್ಕೂ ಒಪ್ಪುತ್ತವೆ.

ಮೊದಲ ಪರೀಕ್ಷೆ: ಪೆಟ್ಟಿಗೆಯನ್ನು ಅಂಕಣದಿಂದ ಹೊರಗೆ ತನ್ನಿ

ಗೋಡೆಯಿಂದ ಪೆಟ್ಟಿಗೆಯನ್ನು ಬಿಚ್ಚಿ, ಪರದೆ, ಹಾಸು, ಕುರ್ಚಿಗಳಿರುವ ಒಂದು ಸಣ್ಣ ಕೋಣೆಗೆ ತನ್ನಿ. ಎರಡನೆಯ ಪೆಟ್ಟಿಗೆಯನ್ನು ಪಕ್ಕದ ಕೋಣೆಯಲ್ಲಿಟ್ಟು, ಎರಡು ಮೂರು ಮೀಟರಿನ ಹೊಸ ಕೇಬಲ್ ತುಂಡಿನಿಂದ ಎರಡನ್ನೂ ಜೋಡಿಸಿ ಮಾತನಾಡಿ. ಮಾತು ಸ್ಪಷ್ಟವಾಗಿ ಕೇಳಿದರೆ ಪೆಟ್ಟಿಗೆಗಳು ನಿರ್ದೋಷಿಗಳು. ದೋಷ ಉದ್ದನೆಯ ತಂತಿಯಲ್ಲಿದೆ ಅಥವಾ ಅಂಕಣದಲ್ಲಿದೆ. ಈಗ ಪೆಟ್ಟಿಗೆಗಳನ್ನು ಅದೇ ಕೋಣೆಗಳಲ್ಲಿ ಬಿಟ್ಟು, ಚಿಕ್ಕ ತುಂಡಿನ ಬದಲು ಉದ್ದನೆಯ ಕೇಬಲ್‌ನಷ್ಟೇ ಉದ್ದದ ಸುರುಳಿಯನ್ನು ನಡುವೆ ಸೇರಿಸಿ. ಆಗಲೂ ಮಾತು ಚೆನ್ನಾಗಿದ್ದರೆ ಉಳಿಯುವುದು ಎರಡೇ: ಗೋಡೆಯಲ್ಲಿ ಹಾಸಿರುವ ಆ ನಿರ್ದಿಷ್ಟ ಕೇಬಲ್ ಮತ್ತು ಅಂಕಣದ ಗಾಳಿ. ಈ ಪರೀಕ್ಷೆಗೆ ಅರ್ಧ ಗಂಟೆಯೂ ಬೇಡ. ಇದನ್ನು ಬಿಟ್ಟು ಮುಂದೆ ಹೋದವರು ಚೆನ್ನಾಗಿರುವ ಬಿಡಿಭಾಗಗಳನ್ನೇ ಒಂದೊಂದಾಗಿ ಬದಲಿಸುತ್ತ ಕೂರುತ್ತಾರೆ.

ಸದ್ದೇ ಇಲ್ಲದಿದ್ದರೆ

ಇದು ಎಲ್ಲಕ್ಕಿಂತ ಸುಲಭದ ದೋಷ. ಅಂಕಣದ ಪೆಟ್ಟಿಗೆಯಲ್ಲಿ ಗುಂಡಿಯನ್ನು ಒತ್ತಿ ಹಿಡಿದು, ಐಸಿಯ 6ನೇ ಕಾಲಿಗೂ (ಸರಬರಾಜಿನ ಧನ ತುದಿ) 4ನೇ ಕಾಲಿಗೂ (ಋಣ ತುದಿ) ನಡುವೆ ಮಲ್ಟಿಮೀಟರ್ ಇಟ್ಟರೆ ಸರಬರಾಜಿನ ವೋಲ್ಟೇಜ್ ಕಾಣಬೇಕು. ಈ ಐಸಿ 4 ರಿಂದ 12 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆಯಾದ್ದರಿಂದ 9ರ ಬದಲು 8 ಕಂಡರೆ ಗಾಬರಿಯಾಗಬೇಕಿಲ್ಲ. ಅನಂತರ ಧ್ವನಿ ಹೊರಡುವ 5ನೇ ಕಾಲನ್ನು ನೋಡಿ. ಅಲ್ಲಿ ಸರಬರಾಜಿನ ಸರಿಸುಮಾರು ಅರ್ಧ, ಅಂದರೆ 4.5 ವೋಲ್ಟ್‌ನ ಆಸುಪಾಸು ಇರಬೇಕು. ಅರ್ಧದ ಬದಲು ಸೊನ್ನೆಯೋ ಪೂರ್ತಿ 9 ವೋಲ್ಟೋ ಕಂಡರೆ ಐಸಿ ಸುಟ್ಟಿದೆ ಅಥವಾ ಅದರ ಹೊರದಾರಿ ಎಲ್ಲೋ ಶಾರ್ಟ್ ಆಗಿದೆ. 5ನೇ ಕಾಲಿನಿಂದ ಸ್ಪೀಕರಿಗೆ ಹೋಗುವ ಕೆಪಾಸಿಟರನ್ನು ಬಿಚ್ಚಿ ಮತ್ತೊಮ್ಮೆ ಅಳೆದರೆ ಎರಡರಲ್ಲಿ ಯಾವುದೆಂದು ಗೊತ್ತಾಗುತ್ತದೆ.

ಅರ್ಧ ವೋಲ್ಟೇಜ್ ಸರಿಯಾಗಿದ್ದೂ ಸದ್ದಿಲ್ಲದಿದ್ದರೆ ಮೈಕಿನ ಕಡೆಗೆ ಹೋಗಬೇಕು. ಎಲೆಕ್ಟ್ರೆಟ್ ಮೈಕಿಗೆ ರೋಧಕವೊಂದರ ಮೂಲಕ ವಿದ್ಯುತ್ ಬೇಕು. 9 ವೋಲ್ಟ್‌ನಿಂದ 10 ಕಿಲೋ ಓಮ್ ರೋಧಕದ ಮೂಲಕ ಕೊಟ್ಟಿದ್ದರೆ ಮೈಕಿನ ತುದಿಯಲ್ಲಿ 4 ರಿಂದ 7 ವೋಲ್ಟ್ ಕಾಣುತ್ತದೆ, ಏಕೆಂದರೆ ಸಾಮಾನ್ಯ ಮೈಕುಗಳು 0.5 ಮಿಲಿಆಂಪಿಯರಿಗಿಂತ ಕಡಿಮೆ ಎಳೆಯುತ್ತವೆ. ಪೂರ್ತಿ 9 ವೋಲ್ಟ್ ಕಂಡರೆ ಮೈಕ್ ಏನನ್ನೂ ಎಳೆಯುತ್ತಿಲ್ಲ, ಅಂದರೆ ಅದರ ತಂತಿ ಬಿಟ್ಟಿದೆ ಅಥವಾ ಮೈಕೇ ಸತ್ತಿದೆ. ಸೊನ್ನೆ ಕಂಡರೆ ಮೈಕಿನ ತಂತಿ ಶಾರ್ಟ್ ಆಗಿದೆ ಅಥವಾ ರೋಧಕ ಬಿಟ್ಟುಹೋಗಿದೆ. ಮೈಕನ್ನು ತಿರುಗಾಮುರುಗಾ ಬೆಸೆದಿದ್ದರೂ ಧ್ವನಿ ಬರುವುದಿಲ್ಲ. ಹಿಂಭಾಗದ ಎರಡು ಬಿಂದುಗಳಲ್ಲಿ ಯಾವುದು ಲೋಹದ ಹೊರಕವಚಕ್ಕೆ ಸಣ್ಣ ಗೆರೆಗಳಿಂದ ಕೂಡಿಕೊಂಡಿದೆಯೋ ಅದು ಋಣ ತುದಿ. ಸ್ಪೀಕರನ್ನು ಮೀಟರಿನಲ್ಲಿ ಅಳೆದಾಗ 8 ಓಮ್‌ನ ಬದಲು 6 ಅಥವಾ 7 ಕಂಡರೆ ಅದು ಸರಿಯಾಗಿಯೇ ಇದೆ. ಮೀಟರ್ ಅಳೆಯುವುದು ಸುರುಳಿಯ ಡಿಸಿ ರೋಧವನ್ನು ಮಾತ್ರ.

ಒಂದು ಕಡೆಯಿಂದ ಮಾತ್ರ ಕೇಳುತ್ತಿದ್ದರೆ ಧ್ವನಿಯ ಎರಡು ಜೋಡಿಗಳನ್ನು ಎರಡೂ ತುದಿಗಳಲ್ಲಿ ಅದಲುಬದಲು ಮಾಡಿ ನೋಡಿ. ದೋಷವೂ ದಿಕ್ಕು ಬದಲಿಸಿದರೆ ತಂತಿ ತಪ್ಪಿತಸ್ಥ. ದೋಷ ಇದ್ದಲ್ಲೇ ಇದ್ದರೆ ಪೆಟ್ಟಿಗೆ.

ಕ್ಷೀಣ ಧ್ವನಿ ಮತ್ತು ತಂತಿಯ ರೋಧ

ಲ್ಯಾನ್ ಕೇಬಲ್ ಅಗ್ಗ ಮತ್ತು ಹಾಸಲು ಸುಲಭ, ಆದರೆ ಅದರ ತಂತಿ ತೆಳುವಾಗಿದೆ. 24 ಗೇಜಿನ ಶುದ್ಧ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.084 ಓಮ್ ರೋಧವಿರುತ್ತದೆ. ಕೇಬಲ್ 30 ಮೀಟರ್ ಇದ್ದರೆ ಹೋಗಿಬರುವ ದಾರಿ 60 ಮೀಟರ್, ಅಂದರೆ 5 ಓಮ್. 8 ಓಮ್‌ನ ಸ್ಪೀಕರಿನೊಂದಿಗೆ ಈ 5 ಓಮ್ ಸರಣಿಯಲ್ಲಿ ಕೂತಾಗ ವೋಲ್ಟೇಜಿನ ಶೇಕಡ 62 ಮಾತ್ರ ಸ್ಪೀಕರಿಗೆ ತಲುಪುತ್ತದೆ, ಶಕ್ತಿಯಲ್ಲಿ ಹೇಳುವುದಾದರೆ ಶೇಕಡ 38. ಇದು ಸುಮಾರು 4 ಡೆಸಿಬಲ್ ನಷ್ಟ. ಶಾಂತ ಕೋಣೆಯಲ್ಲಿ ಇದು ದೊಡ್ಡದಲ್ಲ, ಆದರೆ ಆಟ ನಡೆಯುವಾಗ ಗಮನಕ್ಕೆ ಬರುತ್ತದೆ. ಧ್ವನಿಯ ಜೋಡಿಗೆ ಬದಲಾಗಿ 0.75 ಚದರ ಮಿಲಿಮೀಟರಿನ ಜೋಡಿ ತಂತಿಯನ್ನು ಎಳೆದರೆ ಅಷ್ಟೇ ದೂರಕ್ಕೆ ರೋಧ ಒಂದೂವರೆ ಓಮ್‌ನಷ್ಟಕ್ಕೆ ಇಳಿಯುತ್ತದೆ. ಆಂಪ್ಲಿಫೈಯರ್ ಧ್ವನಿಯನ್ನು ಹಿಗ್ಗಿಸುವ ಪ್ರಮಾಣವನ್ನು (ಗೇನ್) ಏರಿಸುವುದಕ್ಕಿಂತ ಇದೇ ಒಳ್ಳೆಯ ದಾರಿ.

ಅಳೆಯುವ ಕ್ರಮವೂ ಸರಳ. ಅಂಕಣದ ತುದಿಯಲ್ಲಿ ಒಂದು ಜೋಡಿಯ ಎರಡೂ ತಂತಿಗಳನ್ನು ಒಟ್ಟಿಗೆ ತಿರುಚಿ, ಕಚೇರಿಯ ತುದಿಯಲ್ಲಿ ಓಮ್ ನೋಡಿ. ಮೀಟರಿನ ಕಡ್ಡಿಗಳನ್ನು ಪರಸ್ಪರ ಮುಟ್ಟಿಸಿದಾಗ ಕಾಣುವ ರೋಧವನ್ನು ಅದರಿಂದ ಕಳೆಯಿರಿ. ಲೆಕ್ಕದಲ್ಲಿ 5 ಬರಬೇಕಾದ ಕಡೆ 8 ಬಂದರೆ ತಂತಿಯ ತುದಿಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ಬೆಳಕಿಗೆ ಹಿಡಿಯಿರಿ. ಕೆಂಪು ಬಣ್ಣ ಮೇಲ್ಪದರದಲ್ಲೇ ಮುಗಿದು ಒಳಗೆ ಬೆಳ್ಳಗೆ ಹೊಳೆದರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅಗ್ಗದ ಕೇಬಲ್‌ಗಳಲ್ಲಿ ಇದು ಹೇರಳ. ರೋಧ ಹೆಚ್ಚು, ಜೊತೆಗೆ ಸ್ಕ್ರೂ ಟರ್ಮಿನಲ್‌ನಲ್ಲಿ ಬೇಗ ತುಂಡಾಗುತ್ತದೆ. ಇಂಟರ್‌ಕಾಮ್‌ನಲ್ಲಿ ಹಣ ಉಳಿಸಲು ಬೇಕಾದಷ್ಟು ಜಾಗಗಳಿವೆ, ಆದರೆ ಗೋಡೆಯೊಳಗೆ ಹೂತುಹೋಗುವ ತಂತಿ ಅವುಗಳಲ್ಲಿ ಒಂದಲ್ಲ.

ಮಾತನಾಡುವಾಗ ಧ್ವನಿ ಟಪ್ ಟಪ್ ಎಂದು ಕಡಿದು ಕಡಿದು ಬರುತ್ತಿದ್ದರೆ ಅದು ಸರಬರಾಜಿನ ಜೋಡಿಯ ಲಕ್ಷಣ. ಜೋರಾದ ಅಕ್ಷರಗಳಿಗೆ ಆಂಪ್ಲಿಫೈಯರ್ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆದಾಗ ತಂತಿಯ 5 ಓಮ್‌ನಲ್ಲಿ ವೋಲ್ಟೇಜ್ ಕುಸಿಯುತ್ತದೆ, ಆ ಕುಸಿತ ಮೈಕಿನ ಸರಬರಾಜಿಗೂ ತಟ್ಟಿ ಮತ್ತೆ ಆಂಪ್ಲಿಫೈಯರಿಗೆ ಹೋಗುತ್ತದೆ. ಅಂಕಣದ ಪೆಟ್ಟಿಗೆಯ ಒಳಗೇ ಸರಬರಾಜಿಗೆ ಅಡ್ಡಲಾಗಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಇದು ಸಾಮಾನ್ಯವಾಗಿ ನಿಲ್ಲುತ್ತದೆ. ತಂತಿ ಉಳಿಸಲು ಸರಬರಾಜಿಗೂ ಧ್ವನಿಗೂ ಒಂದೇ ಹಿಂದಿರುಗು ತಂತಿಯನ್ನು ಬಳಸಿದ್ದರೆ ಮಾತ್ರ ಕೆಪಾಸಿಟರ್ ಸಾಲದು; ಆ ಜೋಡಣೆಯನ್ನೇ ಬಿಚ್ಚಬೇಕು.

ಗುಂಯ್ ಎನ್ನುವ ಸದ್ದು

ಒಂದೇ ಮಟ್ಟದಲ್ಲಿ ಬರುವ ಗುಂಯ್ ಸದ್ದಿಗೆ ಮೂಲ ಮನೆಬಳಕೆಯ ವಿದ್ಯುತ್ತೇ. ಅಡಾಪ್ಟರನ್ನು ಕಿತ್ತು ಆ ಜಾಗದಲ್ಲಿ 9 ವೋಲ್ಟ್ ಬ್ಯಾಟರಿ ಕೊಡಿ. ಸದ್ದು ನಿಂತರೆ ಅಡಾಪ್ಟರಿನ ಒಳಗಿನ ಫಿಲ್ಟರ್ ಸಾಲದು. ಐಸಿಯ 7ನೇ ಕಾಲಿನಿಂದ ನೆಲಕ್ಕೆ (ಅಂದರೆ ಸರಬರಾಜಿನ ಋಣ ತುದಿಗೆ) 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುವುದರಿಂದಲೂ ಗುಣ ಕಾಣುತ್ತದೆ. ಬ್ಯಾಟರಿಯಲ್ಲೂ ಸದ್ದು ಉಳಿದರೆ ಅಂಕಣದ ದೀಪಗಳನ್ನು ಒಂದೊಂದು ಸಾಲಾಗಿ ಆರಿಸುತ್ತ ಕೇಳಿ. ಯಾವ ಸಾಲು ಆರಿದಾಗ ಸದ್ದು ಹೋಗುತ್ತದೋ ಆ ಸಾಲಿನ ವಿದ್ಯುತ್ ತಂತಿಯ ಪಕ್ಕದಲ್ಲೇ ಇಂಟರ್‌ಕಾಮ್ ಕೇಬಲ್ ಓಡುತ್ತಿದೆ ಎಂದು ತಿಳಿಯಬೇಕು. ಎರಡರ ನಡುವೆ ಒಂದಡಿ ಅಂತರ ಕೊಡುವುದು, ದಾಟಲೇಬೇಕಾದ ಕಡೆ ಅಡ್ಡಲಾಗಿ ಲಂಬಕೋನದಲ್ಲಿ ದಾಟಿಸುವುದು ಇದಕ್ಕೆ ಪರಿಹಾರ. ವಿದ್ಯುತ್ ತಂತಿಯ ಕೊಳವೆಯಲ್ಲೇ ಇಂಟರ್‌ಕಾಮ್ ಕೇಬಲನ್ನೂ ತೂರಿಸಿದ್ದರೆ ಅದು ಸದ್ದಿನ ಪ್ರಶ್ನೆ ಮಾತ್ರವಲ್ಲ, ಜೀವಕ್ಕೆ ಅಪಾಯ. ಮೊದಲು ಅದನ್ನು ಹೊರತೆಗೆಯಿಸಿ.

ಕಿವಿ ಸೀಳುವ ಕೂಗು

ಗುಂಡಿ ಒತ್ತಿದ ಕೂಡಲೇ ಏರುತ್ತ ಹೋಗುವ ಕೂಗಿಗೆ ಕಾರಣ, ಸ್ಪೀಕರಿನ ಸದ್ದು ಸುತ್ತು ಹಾಕಿ ಮತ್ತೆ ಅದೇ ಮೈಕನ್ನು ಸೇರುವುದು. ಎರಡೂ ಗುಂಡಿಗಳನ್ನು ಒತ್ತಿದಾಗ ಮಾತ್ರ ಕೂಗಿದರೆ ಅದು ದೋಷವಲ್ಲ, ಬಳಸುವವರಿಗೆ ಹೇಳಿಕೊಡಬೇಕಾದ ವಿಷಯ. ಒಂದೇ ಗುಂಡಿ ಒತ್ತಿದಾಗಲೂ ಕೂಗಿದರೆ ದಾರಿ ಎರಡರಲ್ಲಿ ಒಂದು. ಕಚೇರಿ ಅಂಕಣಕ್ಕೆ ತಾಗಿಕೊಂಡಿದ್ದರೆ, ಕಚೇರಿಯ ಮೈಕಿನ ಮಾತು ಅಂಕಣದ ಸ್ಪೀಕರಿನಲ್ಲಿ ಹೊರಟು, ಬಾಗಿಲ ಸಂದಿಯಿಂದ ಅಥವಾ ಗಾಜಿನ ಗೋಡೆಯ ಮೂಲಕ ಕಚೇರಿಗೇ ಮರಳುತ್ತದೆ. ಬಾಗಿಲನ್ನು ತೆರೆದು ಮುಚ್ಚಿ ನೋಡಿದಾಗ ಕೂಗು ಬದಲಾದರೆ ಇದೇ ಕಾರಣ. ಕಚೇರಿಯ ಮೈಕನ್ನು ಬಾಗಿಲಿಗೆ ಬೆನ್ನು ಮಾಡಿಸಿ, ಅಂಕಣದ ಸ್ಪೀಕರಿನ ಮಟ್ಟವನ್ನು ಇಳಿಸಬೇಕು. ಅಂಕಣದ ಸ್ಪೀಕರಿನ ತಂತಿಯನ್ನು ಬಿಚ್ಚಿದ ಮೇಲೂ ಆಂಪ್ಲಿಫೈಯರ್ ಬಿಸಿಯಾಗುತ್ತಿದ್ದರೆ ಕೂಗು ಗಾಳಿಯಲ್ಲಿಲ್ಲ, ಐಸಿಯೇ ಆಂದೋಲಿಸುತ್ತಿದೆ. 5ನೇ ಕಾಲಿನಿಂದ ನೆಲಕ್ಕೆ 10 ಓಮ್ ರೋಧಕ ಮತ್ತು 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿ ಇವೆಯೇ ಎಂದು ನೋಡಿ.

ಕೇಳುತ್ತದೆ, ಆದರೆ ಅರ್ಥವಾಗುವುದಿಲ್ಲ

ಅತ್ಯಂತ ಹೆಚ್ಚು ಬರುವ ದೂರು ಇದು, ಮತ್ತು ಮೇಲಿನ ಯಾವ ಪರೀಕ್ಷೆಯಲ್ಲೂ ಸಿಕ್ಕಿಬೀಳದ ದೂರು. ಸಣ್ಣ ಕೋಣೆಯಲ್ಲಿ ಸೊಗಸಾಗಿ ಕೇಳಿದ ಪೆಟ್ಟಿಗೆ ಅಂಕಣದ ಗೋಡೆಗೆ ಹೋದೊಡನೆ ಬಾವಿಯೊಳಗಿಂದ ಮಾತನಾಡಿದಂತೆ ಕೇಳಿಸುತ್ತದೆ.

ಅಂಕಣದ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ಸದ್ದು ಪೂರ್ತಿ ಅಡಗುವವರೆಗೆ ಮನಸ್ಸಿನಲ್ಲೇ ಎಣಿಸಿ. ಸ್ಕ್ವಾಷ್‌ನ ಸಿಂಗಲ್ಸ್ ಅಂಕಣ 9.75 ಮೀಟರ್ ಉದ್ದ, 6.4 ಮೀಟರ್ ಅಗಲ, ಕನಿಷ್ಠ 5.64 ಮೀಟರ್ ಎತ್ತರವಿರುತ್ತದೆ. ಘನಗಾತ್ರ ಸುಮಾರು 350 ಘನ ಮೀಟರ್, ಒಳಮೈ ಸುಮಾರು 307 ಚದರ ಮೀಟರ್. ನಯವಾದ ಗಾರೆ, ಮರದ ನೆಲ, ಗಾಜು ಇವು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಮೂರು ಪಾಲಿನಷ್ಟನ್ನು ಮಾತ್ರ ಹೀರಿಕೊಳ್ಳುತ್ತವೆ ಎಂದು ಹಿಡಿದು ಸಬೀನ್ ಸೂತ್ರಕ್ಕೆ (ಕೋಣೆಯ ಗಾತ್ರ ಮತ್ತು ಹೀರಿಕೆಯಿಂದ ಮಾರ್ದನಿಯ ಕಾಲವನ್ನು ಲೆಕ್ಕ ಹಾಕುವ ಸೂತ್ರ) ಹಾಕಿದರೆ, ಸದ್ದು 60 ಡೆಸಿಬಲ್ ಇಳಿಯಲು ಸುಮಾರು 6 ಸೆಕೆಂಡು ಬೇಕೆಂದು ಬರುತ್ತದೆ. ಆಡುಮಾತಿನಲ್ಲಿ ಸೆಕೆಂಡಿಗೆ ನಾಲ್ಕೈದು ಅಕ್ಷರಗಳು ಬರುವುದರಿಂದ, ಒಂದು ಅಕ್ಷರದ ಮಾರ್ದನಿ ಅಡಗುವ ಮೊದಲೇ ಇಡೀ ವಾಕ್ಯ ಅದರ ಮೇಲೆ ಬಂದು ಬೀಳುತ್ತದೆ. ಇದಲ್ಲದೆ ಎದುರುಬದುರಾದ ಪಕ್ಕದ ಗೋಡೆಗಳ ನಡುವೆ ಸದ್ದು 37 ಮಿಲಿಸೆಕೆಂಡಿಗೊಮ್ಮೆ ಹೋಗಿಬರುತ್ತದೆ. ಚಪ್ಪಾಳೆಯ ಬಾಲದಲ್ಲಿ ಕೇಳುವ ಟರ್‌ರ್ ಎಂಬ ನಡುಕ ಅದೇ.

ಇದರಿಂದ ಹೊರಡುವ ಇನ್ನೊಂದು ಅಂಕಿ ಇಂಟರ್‌ಕಾಮ್ ಕೂಡಿಸುವವರಿಗೆ ಇನ್ನೂ ಮುಖ್ಯ. ಇಂತಹ ಬೋಳು ಅಂಕಣದಲ್ಲಿ ಬಾಯಿಂದ ನೇರವಾಗಿ ಬರುವ ಧ್ವನಿ ಮತ್ತು ಗೋಡೆಗಳಿಂದ ಬರುವ ಮಾರ್ದನಿ ಸಮನಾಗುವ ದೂರ ಸುಮಾರು 43 ಸೆಂಟಿಮೀಟರ್. ಅದರಾಚೆ ಮಾರ್ದನಿಯದೇ ಮೇಲುಗೈ. ಅಂಕಣವನ್ನು ಅಡ್ಡಲಾಗಿ ದಾಟುವ ಗೆರೆ (ಶಾರ್ಟ್ ಲೈನ್) ಬಾಗಿಲಿರುವ ಹಿಂಗೋಡೆಯಿಂದ 4.26 ಮೀಟರ್ ದೂರದಲ್ಲಿದೆ. ಅಲ್ಲಿ ನಿಂತ ಆಟಗಾರ ಬಾಗಿಲ ಬಳಿಯ ಮೈಕಿನತ್ತ ಕೂಗಿದರೆ ಮೈಕಿಗೆ ತಲುಪುವುದು ಅವನ ಮಾತಿಗಿಂತ ಕೋಣೆಯ ಮಾತೇ ಹೆಚ್ಚು. ಇಲ್ಲಿ ಮೈಕಿನ ಸಂವೇದನೆಯನ್ನು ಏರಿಸುವುದು ವ್ಯರ್ಥ, ಏಕೆಂದರೆ ಮಾತು ಎಷ್ಟು ಏರುತ್ತದೋ ಮಾರ್ದನಿಯೂ ಅಷ್ಟೇ ಏರುತ್ತದೆ. ದುಬಾರಿ ಸೆಟ್ ತಂದರೂ ಈ ಅನುಪಾತ ಬದಲಾಗದು. ಸ್ಪೀಕರಿನ ವಿಷಯದಲ್ಲೂ ಇದೇ ನಿಯಮ. ದೊಡ್ಡ ಸ್ಪೀಕರ್ ಹಾಕಿ ಅಂಕಣವಿಡೀ ತುಂಬುವಂತೆ ಮಾಡಿದಷ್ಟೂ ಸ್ಪಷ್ಟತೆ ಹೋಗುತ್ತದೆ.

ಆದ್ದರಿಂದ ಪರಿಹಾರವಿರುವುದು ಬಾಯಿಗೂ ಮೈಕಿಗೂ ನಡುವಿನ ದೂರವನ್ನು ತಗ್ಗಿಸುವುದರಲ್ಲಿ, ಸದ್ದಿನ ಮಟ್ಟವನ್ನು ಏರಿಸುವುದರಲ್ಲಲ್ಲ. ಮಾತನಾಡುವವರು ಬಾಗಿಲ ಬಳಿಗೆ ಬಂದು, ಮೈಕಿನಿಂದ ಒಂದು ಗೇಣಿನಷ್ಟು ದೂರದಲ್ಲಿ ಬಾಯಿಟ್ಟು ಮಾತನಾಡಬೇಕು; ಸ್ಪೀಕರಿನ ಮಟ್ಟ ಅಲ್ಲಿ ನಿಂತವರಿಗೆ ಕೇಳುವಷ್ಟು ಮಾತ್ರ ಇರಬೇಕು; ದೂರದಲ್ಲಿರುವವರನ್ನು ಕರೆಯಲು ಮಾತಿನ ಬದಲು ಕರೆಗಂಟೆಯನ್ನೋ ಮಿನುಗುವ ದೀಪವನ್ನೋ ಬಳಸಬೇಕು. ಅಂಕಣದ ಪೆಟ್ಟಿಗೆಯಲ್ಲಿ ಮುಚ್ಚಳದ ಹಿಂದೆ ಟೆಲಿಫೋನ್ ರಿಸೀವರ್ ಇಡಲು ಜಾಗವಿದ್ದರೆ ಅದಕ್ಕಿಂತ ಅಗ್ಗದ ಮತ್ತು ಸ್ಪಷ್ಟವಾದ ಉಪಾಯ ಇನ್ನೊಂದಿಲ್ಲ, ಏಕೆಂದರೆ ಅಲ್ಲಿ ಮೈಕೂ ಸ್ಪೀಕರೂ ಕೋಣೆಯನ್ನು ಬಿಟ್ಟು ಮುಖಕ್ಕೆ ಅಂಟಿಕೊಂಡಿರುತ್ತವೆ. ಮುಚ್ಚಳ ಮಾತ್ರ ಗೋಡೆಯಿಂದ ಚೂರೂ ಹೊರಚಾಚಬಾರದು. ಓಡುತ್ತ ಬಂದವರ ಮೊಣಕೈ ಅಲ್ಲಿಗೇ ಬಡಿಯುತ್ತದೆ.

ಕೋಣೆಯನ್ನೇ ತಿದ್ದುವ ಅವಕಾಶವಿದ್ದರೆ ಚಾವಣಿಯಿಂದ ಆರಂಭಿಸಬೇಕು. ಚಾವಣಿಗೆ ನೂರಕ್ಕೆ 70 ಪಾಲು ಸದ್ದು ಹೀರುವ ಹಲಗೆಗಳನ್ನು ಕೂಡಿಸಿದರೆ ಅದೇ ಸೂತ್ರದಂತೆ ಮಾರ್ದನಿಯ ಕಾಲ 6 ಸೆಕೆಂಡಿನಿಂದ ಒಂದು ಸೆಕೆಂಡಿನ ಹತ್ತಿರಕ್ಕೆ ಇಳಿಯುತ್ತದೆ, ನೇರ ಧ್ವನಿಯ ಮೇಲುಗೈ ಒಂದು ಮೀಟರಿನವರೆಗೆ ಚಾಚುತ್ತದೆ. ಪಕ್ಕದ ಗೋಡೆಗಳ ನಡುವಿನ ನಡುಕ ಸ್ವಲ್ಪ ಉಳಿಯುವುದರಿಂದ ನಿಜವಾದ ಫಲ ಲೆಕ್ಕಕ್ಕಿಂತ ಕಡಿಮೆಯಿರುತ್ತದೆ, ಆದರೂ ವ್ಯತ್ಯಾಸ ಬಾಗಿಲು ತೆರೆದ ಕೂಡಲೇ ಗೊತ್ತಾಗುತ್ತದೆ. ತೆಳುವಾದ ಸ್ಪಂಜನ್ನು ಅಲ್ಲಲ್ಲಿ ಅಂಟಿಸುವುದರಿಂದ ಎತ್ತರದ ಸ್ವರಗಳು ಮಾತ್ರ ಕುಂದಿ, ಮಾತು ಮೊದಲಿಗಿಂತ ಮಂಕಾಗಿ ಕೇಳಿಸಬಹುದು.

ಖರ್ಚಿಲ್ಲದ ಇನ್ನೊಂದು ತಿದ್ದುಪಡಿ ಐಸಿಯಿಂದ ಸ್ಪೀಕರಿಗೆ ಹೋಗುವ ಕೆಪಾಸಿಟರಿನಲ್ಲಿದೆ. ಅಲ್ಲಿ 220 ಮೈಕ್ರೋಫ್ಯಾರಡ್ ಇದ್ದರೆ 8 ಓಮ್ ಸ್ಪೀಕರಿನೊಂದಿಗೆ 90 ಹರ್ಟ್ಸ್‌ವರೆಗಿನ ಮಂದ್ರ ಸ್ವರಗಳೂ ಹಾದುಹೋಗುತ್ತವೆ. ಅದನ್ನು 100ಕ್ಕೆ ಇಳಿಸಿದರೆ ಗಡಿ 200 ಹರ್ಟ್ಸ್‌ಗೆ ಏರುತ್ತದೆ. ಟೆಲಿಫೋನ್ ಬಹುಕಾಲ 300 ರಿಂದ 3400 ಹರ್ಟ್ಸ್‌ನಲ್ಲೇ ಮಾತನ್ನು ಸಾಗಿಸಿದೆ. ಮಾತಿನ ಅರ್ಥಕ್ಕೆ ಅದಕ್ಕಿಂತ ಕೆಳಗಿನದು ಬೇಕಿಲ್ಲ, ಅಂಕಣದಲ್ಲಿ ಅದು ಗದ್ದಲವನ್ನಷ್ಟೇ ಸೇರಿಸುತ್ತದೆ.

ಚೆಂಡಿನ ಹೊಡೆತ ಮತ್ತು ಆಗೀಗ ಬಂದುಹೋಗುವ ದೋಷ

ಚೆಂಡು ಗೋಡೆಗೆ ಬಡಿದಾಗಲೆಲ್ಲ ಕಚೇರಿಯಲ್ಲಿ ಢಂ ಎಂದು ಕೇಳಿಸಿದರೆ, ಮೈಕ್ ಗಾಳಿಯಿಂದಲ್ಲ, ಗೋಡೆಯಿಂದ ಸದ್ದು ಹೀರುತ್ತಿರಬಹುದು. ಒಬ್ಬರು ಅಂಕಣದ ಗುಂಡಿಯನ್ನು ಒತ್ತಿ ಹಿಡಿದಿರಲಿ, ಇನ್ನೊಬ್ಬರು ಗೋಡೆಯ ಹೊರಮೈಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಲಿ. ಅಷ್ಟು ಸಣ್ಣ ತಟ್ಟುವಿಕೆಯೂ ಕಚೇರಿಯಲ್ಲಿ ದಪ್ಪವಾಗಿ ಕೇಳಿದರೆ ಮೈಕನ್ನು ಪೆಟ್ಟಿಗೆಯ ಹಲಗೆಗೆ ನೇರವಾಗಿ ಅಂಟಿಸಲಾಗಿದೆ ಎಂದರ್ಥ. ಮೈಕನ್ನು ರಬ್ಬರ್ ಬಳೆಯಲ್ಲಿ ಕೂರಿಸಿ, ಪೆಟ್ಟಿಗೆಯ ಸ್ಕ್ರೂಗಳ ಕೆಳಗೂ ರಬ್ಬರ್ ವಾಷರ್ ಕೊಡಬೇಕು. ಮೈಕಿನಿಂದ 10 ಕಿಲೋ ಓಮ್‌ನ ವಾಲ್ಯೂಮ್ ಕಂಟ್ರೋಲಿಗೆ ಬರುವ ಕೆಪಾಸಿಟರ್ 0.047 ಮೈಕ್ರೋಫ್ಯಾರಡ್ ಆಗಿದ್ದರೆ ಸುಮಾರು 340 ಹರ್ಟ್ಸ್‌ಗಿಂತ ಕೆಳಗಿನದು ಕುಗ್ಗುತ್ತದೆ. ಹೊಡೆತದ ಬಹುಪಾಲು ಅಲ್ಲೇ ಇರುತ್ತದೆ.

ಇದೇ ಕಂಪನ ಕಾಲಕ್ರಮದಲ್ಲಿ ಜೋಡಣೆಗಳನ್ನು ಸಡಿಲಿಸುತ್ತದೆ. ಬೆಳಿಗ್ಗೆ ಸರಿಯಾಗಿದ್ದು ಆಟ ಶುರುವಾದ ಮೇಲೆ ಕಡಿಯುವ ಇಂಟರ್‌ಕಾಮ್‌ನಲ್ಲಿ ಮೊದಲು ನೋಡಬೇಕಾದದ್ದು ಸ್ಕ್ರೂ ಟರ್ಮಿನಲ್‌ಗಳನ್ನು. ಲ್ಯಾನ್ ಕೇಬಲಿನ ಒಂಟಿ ಎಳೆಯ ತಂತಿಯನ್ನು ಸ್ಕ್ರೂ ಅತಿಯಾಗಿ ಒತ್ತಿದ್ದರೆ ಅದು ಹೊದಿಕೆಯೊಳಗೇ ತುಂಡಾಗಿ, ಹೊರಗಿನಿಂದ ಗಟ್ಟಿಯಾಗಿರುವಂತೆ ಕಾಣುತ್ತದೆ. ಒಂದೊಂದನ್ನೂ ಮೆಲ್ಲಗೆ ಎಳೆದು ನೋಡಬೇಕು. ಕೇಬಲ್ ಬಾಗಿಲ ಕೀಲಿನ ಬಳಿ ಬಾಗುತ್ತಿದ್ದರೆ ಅಲ್ಲಿ ಬಹು ಎಳೆಯ ಮೃದು ತಂತಿಯನ್ನು ಸೇರಿಸಬೇಕು. ಇಂತಹ ಕ್ಷಣಿಕ ಬಿರುಕನ್ನು ಮಲ್ಟಿಮೀಟರಿನ ಬೀಪ್ ಎಷ್ಟೋ ಸಲ ಹಿಡಿಯುವುದಿಲ್ಲ, ಅದು ನಿಧಾನ. ಬದಲಿಗೆ ಕಚೇರಿಯ ಮೈಕಿನ ಮುಂದೆ ಮೊಬೈಲಿನಲ್ಲಿ ಎಡೆಬಿಡದ ಒಂದೇ ಸ್ವರವನ್ನು ಹಾಕಿ, ಅಲ್ಲಿನ ಗುಂಡಿಯನ್ನು ಟೇಪಿನಿಂದ ಒತ್ತಿಟ್ಟು, ಅಂಕಣದ ಸ್ಪೀಕರನ್ನು ಕೇಳುತ್ತ ಕೇಬಲನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಬನ್ನಿ. ಸ್ವರ ಎಲ್ಲಿ ಕಡಿಯುತ್ತದೋ ಬಿರುಕು ಅಲ್ಲಿದೆ. ಇದರಲ್ಲಿ ಪರೀಕ್ಷೆಯಾಗುವುದು ಒಂದು ಜೋಡಿ ಮಾತ್ರ, ಆದ್ದರಿಂದ ಅಂಕಣದಿಂದ ಕಚೇರಿಯ ಕಡೆಗೂ ಹೀಗೆಯೇ ಮಾಡಿ. ಎರಡರಲ್ಲೂ ಕೇಬಲ್ ಪೂರ್ತಿ ಮುಗಿದರೂ ಸ್ವರ ಕಡಿಯದಿದ್ದರೆ ಮುಂದೆ ನೋಡಬೇಕಾದದ್ದು ಅಂಕಣದ ಗುಂಡಿ. ಬೆವರಿದ ಕೈಗಳು ದಿನವಿಡೀ ಒತ್ತುವ ಗುಂಡಿಯ ಸಂಪರ್ಕಗಳು ಬೇಗ ಕಪ್ಪಾಗುತ್ತವೆ. ಸರಬರಾಜನ್ನು ಕಳಚಿ, ಗುಂಡಿಯನ್ನು ಒತ್ತಿ ಹಿಡಿದು ಅದರ ಎರಡು ತುದಿಗಳ ನಡುವೆ ರೋಧ ಅಳೆದಾಗ ಒಂದು ಓಮ್‌ಗಿಂತ ಕಡಿಮೆ ಬರಬೇಕು. ಒತ್ತಿದ ಬೆರಳನ್ನು ಸ್ವಲ್ಪ ಅತ್ತಿತ್ತ ಜಾರಿಸಿದಾಗ ಅಂಕಿ ಕುಣಿದರೆ ಗುಂಡಿಯನ್ನು ಉಜ್ಜಿ ಸರಿಪಡಿಸಲು ಹೋಗದೆ, ರಬ್ಬರ್ ಮುಸುಕಿರುವ ಹೊಸದನ್ನು ಹಾಕಬೇಕು.